ಸಹಾಯ ಬೇಕು: ಆರ್‌ಎಸ್‌ವಿ ಆಗಿ ಆಸ್ಪತ್ರೆಯಿಂದ ಬಂದ ಮೇಲೂ ಮಗಳಿಗೆ ಉಬ್ಬಸ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಇನ್ನೂ ವರ್ಷ ತುಂಬಿಲ್ಲ. ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ವೈರಸ್‌ನಿಂದ ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ಉಸಿರುನಾಳಗಳ ಊತ) ಆಗಿ ಆಸ್ಪತ್ರೆಯಲ್ಲಿದ್ದಳು, ಆಕ್ಸಿಜನ್ ಕೂಡ ಕೊಟ್ಟರು. ಈಗ ಮನೆಯಲ್ಲಿದ್ದಾಳೆ. ಹಾಲು ಕುಡಿಯುತ್ತಾಳೆ, ಆಡುತ್ತಾಳೆ, ತೂಕವೂ ಏರುತ್ತಿದೆ. ಆದರೆ ಸಣ್ಣ ನೆಗಡಿ ಬಂದರೂ ಸಾಕು, ಎದೆಯಲ್ಲಿ ಗೊರಗೊರ ಶುರು.

ಹೀಗೆ ಅಡ್ಮಿಟ್ ಆಗಿದ್ದ ಮಕ್ಕಳಿಗೆ ಮುಂದಿನ ಕೆಲವು ವರ್ಷ ಉಬ್ಬಸ ಮತ್ತೆ ಮತ್ತೆ ಬರುವ ಸಾಧ್ಯತೆ ಜಾಸ್ತಿಯಂತೆ. ಬಹಳಷ್ಟು ಮಕ್ಕಳಿಗೆ ಬೆಳೆಯುತ್ತಾ ಕಡಿಮೆಯಾಗುತ್ತದಂತೆ. ಆಸ್ತಮಾ ಆಗುತ್ತದಾ ಎಂದರೆ, ಈ ವಯಸ್ಸಿನಲ್ಲಿ ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರ್.

ನನ್ನ ಕಷ್ಟ ಇನ್‌ಹೇಲರ್‌ನದ್ದು. ಮಾಸ್ಕ್ ಇರುವ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಮುಖಕ್ಕೆ ಹಿಡಿದರೆ ಕಿರುಚಾಡುತ್ತಾಳೆ. ಅಳುವಾಗ ಔಷಧಿ ಸರಿಯಾಗಿ ಶ್ವಾಸಕೋಶಕ್ಕೆ ಹೋಗುವುದಿಲ್ಲ, ಅಲ್ವಾ? ನಿದ್ದೆಯಲ್ಲಿ ಹಿಡಿದರೂ ಎಚ್ಚರವಾಗುತ್ತಾಳೆ. ನೀವು ಹೇಗೆ ಒಗ್ಗಿಸಿದಿರಿ? ಮಗುವನ್ನು ಡೇ ಕೇರ್‌ಗೆ ಮತ್ತೆ ಯಾವಾಗ ಕಳಿಸಿದಿರಿ?

ಇನ್ನೊಂದು, ಮನೆಗೆ ಬರುವ ನೆಂಟರು ಹೊರಗೆ ಸಿಗರೇಟು ಸೇದಿ ಬಂದು ನೇರ ಮಗುವನ್ನು ಎತ್ತಿಕೊಳ್ಳುತ್ತಾರೆ. ಜಗಳವಾಗದ ಹಾಗೆ ಹೇಗೆ ತಡೆಯುವುದು?

ದಯವಿಟ್ಟು ಔಷಧಿ ಹೆಸರು ಸೂಚಿಸಬೇಡಿ. ಪಕ್ಕೆ ಒಳಗೆ ಎಳೆದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ ತಕ್ಷಣ ಆಸ್ಪತ್ರೆಗೆ ಓಡಬೇಕು ಎಂಬುದು ಗೊತ್ತಿದೆ. ಈ ಹಂತ ದಾಟಿದ ಅಪ್ಪ ಅಮ್ಮಂದಿರ ಅನುಭವ ಬೇಕು.