ಪದಚರ್ಚೆ: ಆಪ್ಟಿಮೈಸೇಶನ್ ಎಂದರೆ ಗರಿಷ್ಠೀಕರಣವೋ, ಹದವೋ?

ಕಾರವಾರದಿಂದ ಪ್ರಶ್ನೆ:

ಪದವಿ ವಿದ್ಯಾರ್ಥಿಗಳ ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಅದರಲ್ಲೊಂದು ಅಧ್ಯಾಯ ಬ್ಯಾಕ್ಟೀರಿಯಾದಿಂದ ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಕಿಣ್ವದ ಇಳುವರಿ ಹೆಚ್ಚಿಸುವುದರ ಕುರಿತು. ಸಾಣಿಕಟ್ಟಾದಂಥ ಉಪ್ಪಿನಾಗರದ ಮಣ್ಣನ್ನು ನೀರಲ್ಲಿ ಕದಡಿ, ಕೆನೆ ತೆಗೆದ ಹಾಲು ಬೆರೆಸಿದ ಅಗಾರ್ ತಟ್ಟೆಯ ಮೇಲೆ ಹರಡಿ, ಸುತ್ತ ತಿಳಿಯಾದ ಉಂಗುರ ಬಿಟ್ಟ ಬ್ಯಾಸಿಲಸ್ ಕಾಲೊನಿಯನ್ನು ಆರಿಸಿಕೊಳ್ಳುವವರೆಗೆ ಭಾಷೆಯ ತೊಡಕಿಲ್ಲ. ಆಗರ, ಅಗಾರ್ ಎರಡೂ ಒಂದೇ ವಾಕ್ಯದಲ್ಲಿ ಬರುವುದರಿಂದ ಕರಡು ತಿದ್ದುವವರು ಕಣ್ಣಿಟ್ಟಿರಬೇಕು, ಅಷ್ಟೇ.

ತೊಡಕು ಶುರುವಾಗುವುದು ಸಂಖ್ಯಾಶಾಸ್ತ್ರದ ಭಾಗದಲ್ಲಿ. ಕರಡಿನಲ್ಲಿ ಫ್ಯಾಕ್ಟರ್‌ಗೆ ‘ಅಪವರ್ತನ’, ಇಂಟರಾಕ್ಷನ್‌ಗೆ ‘ಪರಸ್ಪರ ಕ್ರಿಯೆ’, ರೆಪ್ಲಿಕೇಟ್‌ಗೆ ‘ಪುನರಾವರ್ತನೆ’, ಆಪ್ಟಿಮೈಸೇಶನ್‌ಗೆ ‘ಗರಿಷ್ಠೀಕರಣ’ ಎಂದಿದೆ. ಪ್ರಮಾಣಗಳು ಬದಲಾದಂತೆ ಫಲ ಹೇಗೆ ಏರಿಳಿಯುತ್ತದೆಂದು ತೋರಿಸುವ ರೆಸ್ಪಾನ್ಸ್ ಸರ್ಫೇಸ್ ‘ಪ್ರತಿಕ್ರಿಯಾ ಮೇಲ್ಮೈ’ ಆಗಿದೆ. ಇದನ್ನು ಓದುವವರು ಪದ ಹಿಡಿದುಕೊಂಡೇ ಫ್ಲಾಸ್ಕಿಗೆ ಕೈಹಾಕುವವರು. ಯಾವುದು ಇರಲಿ, ಯಾವುದು ಹೋಗಲಿ?

ಶಿರಸಿಯಿಂದ ಉತ್ತರ:

ಅಪವರ್ತನ ಮೊದಲು ಹೋಗಲಿ. ಅದು 12ನ್ನು 3, 4 ಎಂದು ಒಡೆಯುವ ಗಣಿತದ ಮಾತು. ಗ್ಲೂಕೋಸ್, ಯೀಸ್ಟ್ ಸಾರ, ಪಿಎಚ್, ಶೇಕರಿನ ವೇಗ ಇವೆಲ್ಲ ‘ಅಂಶ’ಗಳು. ಪ್ರತಿ ಅಂಶಕ್ಕೂ ಮೇಲ್ಮಟ್ಟ, ಕೆಳಮಟ್ಟ. ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ.

ಇಂಟರಾಕ್ಷನ್ ಹಾಗಲ್ಲ. ‘ಪರಸ್ಪರ ಕ್ರಿಯೆ’ ಎಂದು ಓದಿದವರು ಗ್ಲೂಕೋಸೂ ಯೀಸ್ಟ್ ಸಾರವೂ ರಾಸಾಯನಿಕವಾಗಿ ಕೂಡಿಕೊಂಡವು ಅಂದುಕೊಳ್ಳುತ್ತಾರೆ. ಹಾಗೆ ಕೂಡುವುದೂ ಉಂಟು. ಸೂಕ್ಷ್ಮಜೀವಿ ಕೊಲ್ಲಲು ಎರಡನ್ನೂ ಒಟ್ಟಿಗೆ ಒತ್ತಡದ ಉಗಿಪಾತ್ರೆಯಾದ ಆಟೋಕ್ಲೇವಿಗೆ ಇಟ್ಟರೆ ದ್ರಾವಣ ಕಂದಾಗಿ ಬರುತ್ತದೆ, ಗ್ಲೂಕೋಸಿನ ಪಾಲೊಂದಿಷ್ಟು ಅಲ್ಲೇ ಹಾಳು. ಅದಕ್ಕೇ ಗ್ಲೂಕೋಸನ್ನು ಬೇರೆ ಬಾಟಲಿಯಲ್ಲಿ ಇಟ್ಟು, ತಣಿದ ಮೇಲೆ ಸೇರಿಸುವುದು. ಆದರೆ ಸಂಖ್ಯಾಶಾಸ್ತ್ರದ ಇಂಟರಾಕ್ಷನ್ ಇದಲ್ಲ. ಒಂದು ಅಂಶದ ಪರಿಣಾಮ ಇನ್ನೊಂದರ ಮಟ್ಟ ನೋಡಿಕೊಂಡು ಬದಲಾಗುವುದು, ಅದಷ್ಟೇ ಅದರ ಅರ್ಥ.

ಕೈಪಿಡಿಯಲ್ಲಿ ಒಂದು ಕಲ್ಪಿತ ಲೆಕ್ಕ ಕೊಟ್ಟುಬಿಡಿ. ಲೀಟರಿಗೆ ಗ್ಲೂಕೋಸ್ 5 ಅಥವಾ 15 ಗ್ರಾಂ, ಯೀಸ್ಟ್ ಸಾರ 2 ಅಥವಾ 8 ಗ್ರಾಂ. ಯೀಸ್ಟ್ ಸಾರ 2 ಇದ್ದಾಗ ಗ್ಲೂಕೋಸ್ ಏರಿಸಿದರೆ ಕಿಣ್ವ 100 ಯೂನಿಟ್‌ನಿಂದ 140ಕ್ಕೆ ಹೋಯಿತು ಅನ್ನಿ. ಸಾರ 8 ಇದ್ದಾಗ ಅದೇ ಏರಿಕೆಗೆ 160ರಿಂದ 120ಕ್ಕೆ ಇಳಿಯಿತು. ಒಮ್ಮೆ 40 ಏರಿಕೆ, ಒಮ್ಮೆ 40 ಇಳಿಕೆ. ಸರಾಸರಿ ತೆಗೆದರೆ ಗ್ಲೂಕೋಸಿನ ಮುಖ್ಯ ಪರಿಣಾಮ ಸೊನ್ನೆ! ಇಂಟರಾಕ್ಷನ್ ಮಾತ್ರ, ಅಂದರೆ ಎರಡು ಪರಿಣಾಮಗಳ ವ್ಯತ್ಯಾಸದ ಅರ್ಧ, −40. ಒಂದು ಸಲಕ್ಕೆ ಒಂದೇ ಅಂಶ ಬದಲಿಸುತ್ತ ಹೋಗುವವರು ಎಲ್ಲಿಂದ ಹೊರಟರೋ ಅದಕ್ಕೆ ತಕ್ಕಂತೆ ‘ಗ್ಲೂಕೋಸ್ ಒಳ್ಳೆಯದು’ ಎಂದೋ ‘ಕೆಟ್ಟದ್ದು’ ಎಂದೋ ಬರೆದಿಡುತ್ತಾರೆ. ಎರಡೂ ಅರ್ಧ ಸತ್ಯ. ನನ್ನ ಮತ ‘ಕೂಡುಪರಿಣಾಮ’ಕ್ಕೆ.

ಈ ಪದ ಸರಿಯಾಗಿ ಕೂತರೆ ಪ್ಲ್ಯಾಕೆಟ್-ಬರ್ಮನ್ ಎಂಬ ಪ್ರಯೋಗ ವಿನ್ಯಾಸದ ಅಪಾಯವೂ ತಾನಾಗಿ ತಿಳಿಯುತ್ತದೆ. 1946ರ ಆ ವಿನ್ಯಾಸದಲ್ಲಿ 12 ಫ್ಲಾಸ್ಕಿನಲ್ಲಿ 11 ಅಂಶಗಳವರೆಗೆ ಜರಡಿ ಹಿಡಿಯಬಹುದು. ಅಗ್ಗ ನಿಜ, ಆದರೆ ಪ್ರತಿ ಅಂಶದ ಮುಖ್ಯ ಪರಿಣಾಮದೊಳಗೆ ಉಳಿದವುಗಳ ಜೋಡಿ ಪರಿಣಾಮಗಳು ಮೂರನೇ ಒಂದು ಪಾಲಿನಷ್ಟು ನುಸುಳಿರುತ್ತವೆ. ಮೇಲಿನ ಲೆಕ್ಕದಲ್ಲಿ ಗ್ಲೂಕೋಸ್ ಸೊನ್ನೆಯಾಗಿ ಜರಡಿಯಿಂದ ಬಿದ್ದೇಹೋಗುತ್ತದೆ. ಏನೂ ಮಾಡದ ಮೆಗ್ನೀಸಿಯಂ ಸಲ್ಫೇಟ್ ಸುಮಾರು 13 ಯೂನಿಟ್ ಕಡಿಮೆಯನ್ನೋ ಹೆಚ್ಚನ್ನೋ ತೋರಿಸಿ ಒಳಗೆ ಉಳಿಯಬಹುದು. ಈ ಏಲಿಯಾಸಿಂಗ್‌ಗೆ ‘ಬೆರಕೆ’ ಅನ್ನಿ. ಕಲಸುಮೇಲೋಗರ ಅನ್ನಬೇಕೆನಿಸುತ್ತದೆ, ಆದರೆ ಇಲ್ಲಿ ಬೆರೆತ ಪ್ರಮಾಣ ಲೆಕ್ಕಕ್ಕೆ ಸಿಗುತ್ತದೆ.

‘ಪುನರಾವರ್ತನೆ’ಯನ್ನು ಎರಡಾಗಿ ಒಡೆಯಲೇಬೇಕು. ಒಂದೇ ಫ್ಲಾಸ್ಕಿನ ದ್ರವವನ್ನು ಕೇಸೀನ್ ಜೊತೆ ಮೂರು ಸಲ ಇಟ್ಟು ಟೈರೋಸಿನ್ ಅಳೆದರೆ ಅದು ‘ಮರು ಅಳತೆ’. ಮಾಧ್ಯಮವನ್ನು ಹೊಸದಾಗಿ ತೂಗಿ, ಬೇರೆ ಫ್ಲಾಸ್ಕಿಗೆ ಹೊಸದಾಗಿ ಬ್ಯಾಕ್ಟೀರಿಯಾ ಹಾಕಿ ಬೆಳೆಸಿದರೆ ‘ಮರುಪ್ರಯೋಗ’. ಮರು ಅಳತೆಯನ್ನೇ ಮರುಪ್ರಯೋಗವೆಂದು ಸಾಫ್ಟ್‌ವೇರಿಗೆ ತುಂಬಿದರೆ ದೋಷದ ಅಂದಾಜು ತೀರಾ ಸಣ್ಣದಾಗಿ, ಕೆಲಸಕ್ಕೆ ಬಾರದ ಅಂಶಗಳೂ ಮಹತ್ವದವೆಂದು ತೋರುತ್ತವೆ. ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಆಗುವ ತಪ್ಪುಗಳಲ್ಲಿ ಇದೂ ಒಂದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಗರಿಷ್ಠೀಕರಣ ಎಂದರೆ ಮ್ಯಾಕ್ಸಿಮೈಸೇಶನ್, ಅಲ್ಲಿಗೆ ಮುಗಿಯಿತು. ಕಾರ್ಖಾನೆಗೆ ಬೇಕಾದ್ದು ಅತಿ ಹೆಚ್ಚು ಕಿಣ್ವ ಒಂದೇ ಅಲ್ಲ. 72 ತಾಸಿಗೆ ಸಿಗುವ 180 ಯೂನಿಟ್‌ಗಿಂತ 36 ತಾಸಿಗೆ ಸಿಗುವ 160 ಲಾಭ. ಪಿಎಚ್, ಸಕ್ಕರೆ, ಗಾಳಿ, ಹೊತ್ತು ಒಂದಕ್ಕೊಂದು ಹೊಂದಿ ಬಂದ ಸ್ಥಿತಿಗೆ ನಮ್ಮಲ್ಲಿ ಇರುವ ಮಾತು ‘ಹದ’. ಜೋನಿಬೆಲ್ಲದ ಹದ ಎಂದಾಗ ಉರಿ, ಹೊತ್ತು, ರಸ ಮೂರೂ ಅದರೊಳಗೆ ಬಂದವು. ಅತಿ ಕುದಿದರೆ ಜೋನಿ ಹೋಗಿ ಗಟ್ಟಿ ಬೆಲ್ಲ. ಗರಿಷ್ಠ ಬೇರೆ, ಹದ ಬೇರೆ. ಹದ, ಹದಬಿಂದು, ಹದಗೊಳಿಸು ಎಂದು ಕ್ರಿಯಾಪದವೂ ಸಲೀಸಾಗಿ ಬರುತ್ತದೆ. ‘ಅತ್ಯನುಕೂಲೀಕರಣ’ದಿಂದ ಇದು ಸಾಧ್ಯವೇ, ಮಾರಾಯ್ರೆ?

ಹದ ಹುಡುಕುವ ವಿನ್ಯಾಸದಲ್ಲಿ ಒಂದು ಎಚ್ಚರಿಕೆ ಸೇರಿಸಿ. 1951ರ ಬಾಕ್ಸ್-ವಿಲ್ಸನ್ ಕೇಂದ್ರ ಸಂಯುಕ್ತ ವಿನ್ಯಾಸಕ್ಕೆ ಮೂರು ಅಂಶಗಳಿದ್ದರೆ ಸಾಮಾನ್ಯವಾಗಿ 20 ಫ್ಲಾಸ್ಕು: ಎಲ್ಲ ಅಂಶಗಳೂ ಮೇಲ್ಮಟ್ಟ ಅಥವಾ ಕೆಳಮಟ್ಟದಲ್ಲಿರುವ ಮೂಲೆಯವು 8, ಒಂದೇ ಅಂಶ ನಡುವಿನಿಂದ ದೂರ ಸರಿದ ಅಕ್ಷದವು 6, ನಡುವಿನವು 6. ಅಕ್ಷದ ಬಿಂದುಗಳು ನಡುವಿನಿಂದ 1.682 ಹೆಜ್ಜೆ ದೂರ. ಯೀಸ್ಟ್ ಸಾರ 2ರಿಂದ 8 ಎಂದರೆ ನಡು 5, ಹೆಜ್ಜೆ 3. ಕೆಳಗಿನ ಅಕ್ಷಬಿಂದು −0.046 ಗ್ರಾಂ. ಸೊನ್ನೆಗಿಂತ ಕಡಿಮೆ ಯೀಸ್ಟ್ ಸಾರವನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಮಟ್ಟಗಳನ್ನು ಹತ್ತಿರ ತನ್ನಿ, ಇಲ್ಲವೇ 15 ಫ್ಲಾಸ್ಕಿನ ಬಾಕ್ಸ್-ಬೆನ್‌ಕೆನ್ ವಿನ್ಯಾಸ ಹಿಡಿಯಿರಿ. ಅದು ತೀರಾ ಅಂಚಿನ ಮೂಲೆಗಳಿಗೂ ಹೋಗುವುದಿಲ್ಲ.

ಕುಮಟಾದಿಂದ:

ಹದಕ್ಕೆ ಒಪ್ಪಿಗೆ. ‘ಕೂಡುಪರಿಣಾಮ’ಕ್ಕೆ ಇಲ್ಲ. ಕೂಡು ಎಂದರೆ ಸಂಕಲನ. ಇಂಟರಾಕ್ಷನ್ ಇರುವುದೇ ಎರಡು ಪರಿಣಾಮಗಳು ಬರೀ ಕೂಡಿದಷ್ಟು ಬರದೇ ಹೋದಾಗ. ಶಿರಸಿಯವರ ಲೆಕ್ಕದಲ್ಲೇ ನೋಡಿ: ಸಾರ ಏರಿಸಿದ್ದಕ್ಕೆ 60, ಗ್ಲೂಕೋಸ್ ಏರಿಸಿದ್ದಕ್ಕೆ 40, ಕೂಡಿದ್ದರೆ 200 ಆಗಬೇಕಿತ್ತು, ಬಂದದ್ದು 120. ‘ಒಡನಾಟದ ಪರಿಣಾಮ’ ಎನ್ನಿ. ಒಡನಾಟ ಬದಲಾದರೆ ನಡತೆ ಬದಲಾಗುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನಾಕ್ಯುಲಮ್‌ಗೆ ‘ಹೆಪ್ಪು’ ಇರುವಾಗ ಹೊಸ ಪದವೇಕೆ? 50 ಮಿಲಿ ಮಾಧ್ಯಮಕ್ಕೆ ಶೇ. 2 ಹೆಪ್ಪು ಎಂದರೆ 1 ಮಿಲಿ. ಎಲ್ಲ ಫ್ಲಾಸ್ಕಿಗೂ ಒಂದೇ ವಯಸ್ಸಿನ ಹೆಪ್ಪು ಬೀಳಲಿ, ಶೇಕರಿನಲ್ಲಿ ಯಾವುದು ಎಲ್ಲಿ ಕೂರಬೇಕೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಲಿ. ಇಲ್ಲದಿದ್ದರೆ ಮೂಲೆಯ ಬಿಸಿ ಗ್ಲೂಕೋಸಿನ ಹೆಸರಿಗೆ ಜಮೆಯಾಗುತ್ತದೆ. ರ‍್ಯಾಂಡಮೈಸೇಶನ್‌ಗೆ ‘ಯಾದೃಚ್ಛೀಕರಣ’ ಎಂದು ಬರೆಯುವ ಬದಲು ‘ಚೀಟಿಕ್ರಮ’ ಎಂದರೆ ಕೆಲಸವೂ ತಿಳಿಯುತ್ತದೆ.

‘ಪ್ರತಿಕ್ರಿಯಾ ಮೇಲ್ಮೈ’ ಬೇಡ, ಮತ್ತೆ ರಸಾಯನಶಾಸ್ತ್ರದ ವಾಸನೆ. ‘ಇಳುವರಿ ಮೇಲ್ಮೈ’ ಚೆಂದ ಕೇಳುತ್ತದೆ, ಆದರೆ ಅಳೆದದ್ದು ಇಳುವರಿಯ ಬದಲು ಲೀಟರಿನ ಖರ್ಚಾಗಿದ್ದರೆ ಪದ ಸುಳ್ಳಾಗುತ್ತದೆ. ‘ಫಲಿತ ಮೇಲ್ಮೈ’ ಎರಡಕ್ಕೂ ಸಲ್ಲುತ್ತದೆ.