ತೆರೇಸಾ ಒಕಾಂಪೊ ಮತ್ತು ಒಡೆದುಹೋಗುವ ಆಹಿ ದೆ ಗಾಯಿನಾ

ಪ್ರಶ್ನೆ: ಪೆರುವಿನ ಅಡುಗೆಗಾರ್ತಿ ತೆರೇಸಾ ಒಕಾಂಪೊ ಅವರನ್ನು ಜನ ಇಷ್ಟು ಹಚ್ಚಿಕೊಂಡದ್ದು ಯಾಕೆ? ಜೊತೆಗೆ, ಪೆರುವಿನ ಕೋಳಿ ಅಡುಗೆ ಆಹಿ ದೆ ಗಾಯಿನಾದ ಗ್ರೇವಿ ಒಡೆಯದಂತೆ ಮಾಡುವುದು ಹೇಗೆ?

ಉತ್ತರ 1: ಕುಸ್ಕೊ ಮೂಲದವರು, ಪ್ಯಾರಿಸ್ಸಿನ ಲ ಕಾರ್ಡಾನ್ ಬ್ಲೂ ಅಡುಗೆ ಶಾಲೆಯಲ್ಲಿ ಕಲಿತವರು. ದಶಕಗಳ ಕಾಲ ಟಿವಿಯಲ್ಲಿ ಅಡುಗೆ ಹೇಳಿಕೊಟ್ಟರು. ಕಣ್ಣಂದಾಜಿನಲ್ಲಿದ್ದ ಮನೆಯಡುಗೆಗೆ ಅಳತೆ ಕೊಟ್ಟದ್ದೇ ಅವರ ದೊಡ್ಡ ಕೊಡುಗೆ ಅನ್ನುತ್ತೇನೆ.

ಉತ್ತರ 2: ಗ್ರೇವಿಯ ವಿಷಯ. ಒಂದು ಕೋಳಿಗೆ ಆರು ಹಳದಿ ಮೆಣಸಿನಕಾಯಿ (ಆಹಿ ಅಮರಿಯೊ), ಐದು ಸ್ಲೈಸ್ ಬ್ರೆಡ್, ಒಂದು ಕಪ್ ಇವ್ಯಾಪೊರೇಟೆಡ್ ಹಾಲು (ನೀರಿನಂಶ ಇಂಗಿಸಿದ, ಸಕ್ಕರೆಯಿಲ್ಲದ ಡಬ್ಬಿ ಹಾಲು). ಮೆಣಸಿನಕಾಯಿಯ ಬೀಜ, ಒಳಗಿನ ಬಿಳಿ ನಾರು ತೆಗೆದು, ನೀರು ಬದಲಿಸುತ್ತಾ ಮೂರು ಸಲ ಕುದಿಸಿ. ಖಾರ ಇಳಿಯುತ್ತದೆ, ಬಣ್ಣ ಉಳಿಯುತ್ತದೆ. ಅದನ್ನು ರುಬ್ಬಿ, ಈರುಳ್ಳಿ, ಬೆಳ್ಳುಳ್ಳಿಯೊಂದಿಗೆ ಈ ಪೇಸ್ಟನ್ನು ಎಣ್ಣೆ ಅಂಚಿಗೆ ಬಿಡುವವರೆಗೆ ಬಾಡಿಸಿ. ಕೋಳಿ ಬೇಯಿಸಿದ ನೀರಿನಲ್ಲಿ ನೆನೆಸಿ ರುಬ್ಬಿದ ಬ್ರೆಡ್ ಸೇರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ಹಾಲು ಕೊನೆಗೆ, ಸಣ್ಣ ಉರಿಯಲ್ಲಿ. ಹಾಲು ಹಾಕಿದ ಮೇಲೆ ಜೋರಾಗಿ ಕುದಿಸಿದರೆ ಒಡೆಯಬಹುದು.

ಉತ್ತರ 3: ಕೋಳಿಯನ್ನು ಚಾಕುವಿನಿಂದ ಹೆಚ್ಚಬೇಡಿ, ಕೈಯಲ್ಲೇ ಎಳೆಎಳೆಯಾಗಿ ಬಿಡಿಸಿ, ಗ್ರೇವಿ ಹಿಡಿದುಕೊಳ್ಳುವುದು ಆ ಎಳೆಗಳೇ. ಆರಿದಂತೆ ಬ್ರೆಡ್‌ನಿಂದ ಗ್ರೇವಿ ಬಿಗಿಯುತ್ತದೆ, ಸಡಿಲಿಸಲು ಕೋಳಿ ಬೇಯಿಸಿದ ನೀರು ಅರ್ಧ ಕಪ್ ಎತ್ತಿಟ್ಟುಕೊಳ್ಳಿ. ಆಹಿ ಅಮರಿಯೊ ಬದಲಿಗೆ ನಮ್ಮ ಬಜ್ಜಿ ಮೆಣಸಿನಕಾಯಿ ಹಾಕಬಹುದು, ಆದರೆ ಅದರ ಹಣ್ಣಿನಂಥ ಘಮ ಬರುವುದಿಲ್ಲ.