ಸಹಾಯ ಬೇಕು: ತಾಯಿಕೋಳಿ ಮರಿಗಳನ್ನು ಕುಕ್ಕಿ ಓಡಿಸುತ್ತಿದೆ

ನಮ್ಮದು ಮೂಡಿಗೆರೆ ಹತ್ತಿರ. ನಾಟಿ ಹೇಂಟೆಯ ಮರಿಗಳಿಗೆ ಈಗ 5 ವಾರ. ಮೊನ್ನೆವರೆಗೂ ಹದ್ದಿನ ನೆರಳು ಕಂಡರೆ ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತಿದ್ದ ಕೋಳಿ, ಈಗ ನುಚ್ಚು ಹಾಕಿದರೆ ಮರಿಗಳ ತಲೆಗೇ ಕುಕ್ಕುತ್ತದೆ. ಹುಂಜದ ಜೊತೆ ಸುತ್ತಾಟ ಬೇರೆ! ಮತ್ತೆ ಮೊಟ್ಟೆಗೆ ಬಂದಿರಬೇಕು.

5ರಿಂದ 8 ವಾರದೊಳಗೆ ತಾಯಿ ಮರಿ ಬಿಡೋದು ಸಹಜ, ಅದು ಗೊತ್ತು. ಆದರೆ ಇಲ್ಲಿ ಜಡಿಮಳೆ. ಮರಿಗಳಿಗೆ ರೆಕ್ಕೆ, ಬೆನ್ನಲ್ಲಿ ಪುಕ್ಕ ಬಂದಿದೆ, ಹೊಟ್ಟೆಯಡಿ ಇನ್ನೂ ಬೋಳು. ಬೇರೆ ಮಂಕರಿಯಲ್ಲಿ ಮುಚ್ಚಿಟ್ಟೆ, ರಾತ್ರಿಯೆಲ್ಲ ಒಂದೇ ಸಮನೆ ಚಿಂವ್‌ಗುಟ್ಟಿದವು. ವಾಪಸ್ ಬಿಟ್ಟರೆ ಮತ್ತೆ ಕುಕ್ಕು. ಬೆಚ್ಚಗಿರಲಿ ಅಂತ ಬಲ್ಬ್ ಹಾಕೋಣ ಅಂದರೆ ಮಳೆಗಾಲದ ಕರೆಂಟ್ ಕಥೆ ಗೊತ್ತಲ್ವಾ.

ಮರಿಗಳನ್ನು ಈಗಲೇ ಬೇರೆ ಮಾಡಬಹುದಾ, ಇಲ್ಲ ಪುಕ್ಕ ಪೂರ್ತಿ ಬರುವವರೆಗೆ ರಾತ್ರಿ ಮಾತ್ರ ತಾಯಿ ಜೊತೆ ಬಿಡಬೇಕಾ? ಮಲೆನಾಡಲ್ಲಿ ಕೋಳಿ ಸಾಕಿದವರು ಹೇಳಿ.